ಕಂಬಳಿಯೊಳಗಿನ ಪಾಸ್‌ವರ್ಡ್

ಇಡೀ ಹೊಸದುರ್ಗ ತಾಲ್ಲೂಕಿನಲ್ಲಿ ಗಿರಾಕಿಗಳನ್ನು ವಾಪಸ್ ಕಳಿಸುವುದಕ್ಕೆಂದೇ ಅಂಗಡಿ ತೆರೆದು ಕೂತವರು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬರೇ! ನಂಬಿಕೆ ಬಾರದಿದ್ದರೆ ಒಮ್ಮೆ ಹೋಗಿ ನೋಡಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಆನ್‌ಲೈನ್ ಸೆಂಟರ್ ಇದೆ. ಅರ್ಜಿ ತುಂಬಿಸಲು, ಪಹಣಿ ತೆಗೆಸಲು, ಮಕ್ಕಳ ರಿಸಲ್ಟ್ ನೋಡಲು ಜನ ಬರುತ್ತಾರೆ. ಅತ್ತೆ ಕನ್ನಡಕ ಏರಿಸಿ, ಪರದೆಯ ಮೇಲಿನ ವಿಳಾಸಕ್ಕೆ ಬೆರಳಿಟ್ಟು, ಒಂದನೇ ಕ್ಲಾಸಿನ ಮಗು ಪಾಠ ಓದುವ ಹಾಗೆ ಒಂದೊಂದೇ ಅಕ್ಷರ ಓದುತ್ತಾರೆ. ಎಲ್ಲೋ ಒಂದು ಚುಕ್ಕೆ ಹೆಚ್ಚಾಗಿ ಕಂಡರೆ ಮುಗಿಯಿತು.

“ಈ ಮನೆ ಸರಿ ಇಲ್ಲ. ನಾನು ಒಳಾಕೆ ಹೋಗಲ್ಲ. ನಾಳೆ ಬರ್ರಿ.”

ನಾಳೆ ಬಂದರೆ ಏನಾಗುತ್ತದೆ ಅಂತೀರಿ? ನಾಳೆಯೂ ಅದೇ ಮನೆ, ಅದೇ ಚುಕ್ಕೆ!

“ಟೀಚರಮ್ಮ, ಆ ಕಡೆ ಅಂಗಡ್ಯಾಗೆ ಎರಡು ನಿಮಿಷದಾಗೆ ಮಾಡಿಕೊಡ್ತಾರೆ,” ಎಂದು ಯಾರಾದರೂ ಗೊಣಗಿದರೆ ಅತ್ತೆಗೆ ಸಿಟ್ಟೇ ಬರುವುದಿಲ್ಲ. “ಹಂಗಾದ್ರೆ ಅಲ್ಲೇ ಹೋಗ್ರಿ. ನಿಮ್ಮ ಆಧಾರು, ನಿಮ್ಮ ಹಣೆಬರ,” ಎನ್ನುತ್ತಾರೆ. ಸೋಜಿಗವೆಂದರೆ ಹಾಗೆ ಗೊಣಗಿದವರು ಎದ್ದು ಹೋಗುವುದಿಲ್ಲ. ಬೆಂಚಿನ ಮೇಲೆ ಕೂತೇ ಇರುತ್ತಾರೆ. ತಮ್ಮ ಕಾಗದಪತ್ರಗಳ ಬಗ್ಗೆ ತಮಗಿಂತ ಹೆಚ್ಚು ಹೆದರುವವರು ಒಬ್ಬರಿದ್ದಾರಲ್ಲ ಎಂಬ ಸಮಾಧಾನವೋ ಏನೋ.

ಅತ್ತೆ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವರು. ಹರಿಯಬ್ಬೆ ಕಡೆಯವರಾದ ನಮ್ಮ ಮಾವ, ಅಂದರೆ ಅತ್ತೆಯ ಯಜಮಾನರು, ಭೂಮಾಪನದವರು. ರಿಟೈರ್ ಆದಮೇಲೆ ಸುಮ್ಮನೆ ಕೂರಲಾರದೆ ಈ ಸೆಂಟರ್ ತೆರೆದರು, ಜೊತೆಗೆ ಅತ್ತೆಗೂ ಕೀಲಿಮಣೆ ಕಲಿಸಿದರು. ಮೂರು ವರ್ಷದ ಹಿಂದೆ ಒಂದೇ ವಾರದ ಜ್ವರಕ್ಕೆ ಮಾವ ಹೋಗಿಬಿಟ್ಟರು. ಇನ್ನು ಅಂಗಡಿ ಮುಚ್ಚಿದಂತೆ ಎಂದು ನಾವೆಲ್ಲ ಅಂದುಕೊಂಡೆವು. ಶಿವಗಣಾರಾಧನೆ ಮುಗಿದ ಮೂರನೇ ದಿನ ಅತ್ತೆ ತಾವೇ ಹೋಗಿ ಶಟರ್ ಎತ್ತಿದರು.

ಅಂಗಡಿಯಲ್ಲಿ ಇರುವುದು ಎರಡು ಕಂಪ್ಯೂಟರ್. ಒಂದು ಮಾವ ತಂದದ್ದು. ಅದರ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿದವರೇ ಮರೆತು ಬಹಳ ಕಾಲವಾಯಿತು. ಇನ್ನೊಂದು ನಾನು ಹಟ ಮಾಡಿ ಕೊಡಿಸಿದ್ದು. ಅತ್ತೆ ಹಳೆಯದನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ, ಹೊಸದನ್ನು ಏಕವಚನದಲ್ಲಿ. “ಇವರು ಇವತ್ತು ಯಾಕೋ ನಿಧಾನ. ಅವನ ಹತ್ರ ಕೂತ್ಕಳ್ರಿ, ಅವನಿಗೆ ಮಾಡಕೆ ಏನೂ ಕೆಲ್ಸ ಇಲ್ಲ,” ಎನ್ನುವುದನ್ನು ಕೇಳಿ ಹೊಸಬರು ಅಂಗಡಿಯಲ್ಲಿ ಇನ್ನೂ ಇಬ್ಬರು ಗಂಡಸರಿದ್ದಾರೆಂದು ಹುಡುಕಾಡಿದ್ದುಂಟು.

ಇನ್ನು ಆ ಕರಿ ಕಂಬಳಿ! ಅದರ ಕತೆ ಹೇಳದಿದ್ದರೆ ಅತ್ತೆಯ ಕತೆ ಹೇಳಿದ ಹಾಗೆಯೇ ಅಲ್ಲ. ಗಿರಾಕಿ ತನ್ನ ಪಾಸ್‌ವರ್ಡ್ ಟೈಪ್ ಮಾಡುವಾಗ ಅತ್ತೆಯೂ ನೋಡಬಾರದು, ಬೆಂಚಿನವರೂ ನೋಡಬಾರದು. ಅದಕ್ಕೆ ಅತ್ತೆ ಕುರಿ ಉಣ್ಣೆಯ ಒಂದು ದಪ್ಪ ಕಂಬಳಿ ತಂದಿಟ್ಟಿದ್ದಾರೆ. ಪರದೆ, ಕೀಲಿಮಣೆ, ಗಿರಾಕಿಯ ತಲೆ ಮೂರನ್ನೂ ಸೇರಿಸಿ ಅದನ್ನು ಹೊದಿಸುತ್ತಾರೆ. ಹಿಂದೆ ಸ್ಟುಡಿಯೋದವರು ಬಟ್ಟೆಯೊಳಗೆ ತಲೆ ಹಾಕಿ ಫೋಟೋ ತೆಗೆಯುತ್ತಿದ್ದರಲ್ಲ, ಹಾಗೆ. ಏಪ್ರಿಲ್ ತಿಂಗಳ ನಮ್ಮ ಬಯಲುಸೀಮೆಯ ಬಿಸಿಲಲ್ಲಿ ಅದರೊಳಗೆ ಹೊಕ್ಕು ಬಂದವರನ್ನು ನೀವು ನೋಡಬೇಕು!

“ಟೀಚರಮ್ಮ, ಇದರಾಗೆ ಉಸಿರು ಕಟ್ತೈತೆ!”

“ಹಂಗಾದ್ರೆ ಜಲ್ದಿ ಹೊಡೀರಿ!”

“ಕತ್ತಲ್ಯಾಗೆ ಅಕ್ಷರ ಕಾಣಲ್ರಿ!”

“ನಿಮಗೇ ಕಾಣಲ್ಲ ಅಂದ್ಮ್ಯಾಲೆ ಕಳ್ಳನಿಗೆ ಹೆಂಗೆ ಕಾಣ್ತೈತೆ? ಒಳ್ಳೇದೇ ಆತು.”

ಟೈಪ್ ಮಾಡಿದ ಕೂಡಲೇ ಬ್ರೌಸರ್ ಮೂಲೆಯಿಂದ ಇಣುಕಿ, ಈ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ವಿನಯದಿಂದ ಕೇಳುತ್ತದೆ. ಅತ್ತೆ ಪ್ರತಿ ಸಲವೂ “ಬೇಡ” ಒತ್ತುತ್ತಾರೆ. ಕ್ಲಾಸಿನಲ್ಲಿ ಪಕ್ಕದವನ ಉತ್ತರ ಕದ್ದು ನೋಡುವ ಹುಡುಗನನ್ನು ಗದರಿಸುವ ದನಿಯಲ್ಲೇ, “ನಿನಗ್ಯಾಕೋ ಊರವರ ಉಸಾಬರಿ?” ಎಂದು ಪರದೆಗೆ ಒಂದು ಮಾತನ್ನೂ ಹೇಳುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಅವರ ಫೋನ್ ಬಂತು. ನಾನಿರುವುದು ಚಿತ್ರದುರ್ಗದಲ್ಲಿ. ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಕಂಪ್ಯೂಟರ್ ಬಗ್ಗೆ ಎಲ್ಲ ಗೊತ್ತು ಎಂಬ ಭ್ರಮೆಯೂ ಆಗ ಇತ್ತು.

“ಲೇ, ಲೋಕದಾಗೆ ಒಂದು ಸೈಟೂ ಸರಿ ಇಲ್ಲ ಕಣೋ! ಯಾವುದನ್ನ ತೆಗೆದ್ರೂ ಕೆಂಪಗೆ ಬರ್ತೈತೆ. ‘ಸುರಕ್ಷಿತ ಅಲ್ಲ’ ಅಂತೈತೆ. ಎಲ್ಲಾ ಒಂದೇ ದಿನ ಕೆಟ್ಟೋಗ್ಯಾವೆ.”

“ಹೊಸದರಲ್ಲಿ ನೋಡಿದ್ರಾ ಅತ್ತೆ?”

“ಅದರಾಗೆ ಎಲ್ಲಾ ಬರ್ತಾವೆ. ಅವನಿಗೇನು ಗೊತ್ತಾಗ್ತೈತೆ? ಯಾರು ಬಂದ್ರೂ ಬಾಗ್ಲು ತಗೀತಾನೆ.”

ನೋಡಿ ವಿಚಾರ! ಬಾಗಿಲು ತೆಗೆದವನೇ ದಡ್ಡ. ನಾನು ರಜೆ ಹಾಕಿ, ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದು ಹೊಸದುರ್ಗ ಸೇರುವ ಹೊತ್ತಿಗೆ ಗುರುವಾರವಾಗಿತ್ತು. ಮೂರು ದಿನದಿಂದ ಶಟರಿಗೆ ಒಂದು ರಟ್ಟು ನೇತಾಡುತ್ತಿತ್ತು. ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: “ಅಂತರ್ಜಾಲವು ಅಶುದ್ಧವಾಗಿದೆ. ದಯವಿಟ್ಟು ಸಹಕರಿಸಿ.”

ಹಳೆಯ ಕಂಪ್ಯೂಟರಿನ ಮೂಲೆಯಲ್ಲಿ ತಾರೀಖು ನೋಡಿದೆ. ಎಷ್ಟೋ ವರ್ಷ ಹಿಂದಿನ ಜನವರಿ ಒಂದು! ಒಳಗೆ ಒಂದು ಪುಟ್ಟ ಸೆಲ್ ಇರುತ್ತದೆ, ಕರೆಂಟ್ ಹೋದರೂ ಗಡಿಯಾರ ನಡೆಸುವುದಕ್ಕೆ. ಅದು ಸತ್ತಿತ್ತು. ಪ್ರತಿ ಸೈಟಿನ ಕೈಯಲ್ಲೂ ಇಂಥ ದಿನದಿಂದ ಇಂಥ ದಿನದವರೆಗೆ ನಾನು ಅಸಲಿ ಎಂಬ ಪ್ರಮಾಣಪತ್ರ ಇರುತ್ತದೆ. ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನಗಳು ಇನ್ನೂ ಹುಟ್ಟೇ ಇರಲಿಲ್ಲ. ನಂಬುವುದಾದರೂ ಹೇಗೆ? ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ.

“ಅಂದ್ರೆ ತಪ್ಪು ಲೋಕದ್ದಲ್ಲ. ಇವರು ಹಿಂದಿನ ವರ್ಷದಾಗೆ ಕುಂತ್ಕಂಡಾರೆ ಅಂತನಾ?”

“ಹೂಂ ಅತ್ತೆ.”

ಅತ್ತೆ ಬಗ್ಗಿ ಆ ತಾರೀಖನ್ನು ಸ್ವಲ್ಪ ಹೊತ್ತು ನೋಡಿದರು. “ಆ ವರ್ಷ ಚೆನ್ನಾಗಿತ್ತು ಬಿಡು,” ಎಂದು ಟೀ ಕಾಸಲು ಎದ್ದರು. ನಾನು ಎದುರಿನ ವಾಚ್ ರಿಪೇರಿ ಅಂಗಡಿಯಿಂದ ಒಂದು ಸೆಲ್ ತಂದು ಹಾಕಿ ತಾರೀಖು ಸರಿಮಾಡಿದೆ. ಆ ಮಾತಿಗೆ ಅವತ್ತು ನಾನು ಕಿವಿಗೊಡಲಿಲ್ಲ.

ಆಮೇಲೆ ಬೀಗದ ಜಗಳ ಬಂತು. ಬ್ರೌಸರಿನ ವಿಳಾಸದ ಪಕ್ಕದಲ್ಲಿ ಮೊದಲು ಒಂದು ಚಿಕ್ಕ ಬೀಗದ ಚಿತ್ರ ಇರುತ್ತಿತ್ತಲ್ಲ, ಹೊಸ ಬ್ರೌಸರಿನವರು ಅದನ್ನು ತೆಗೆದು ಎರಡು ಗೆರೆ, ಎರಡು ಗುಂಡು ಇಟ್ಟರು. ಅತ್ತೆ ಕೆಂಡಾಮಂಡಲವಾದರು. “ಬೀಗ ಎಲ್ಲಿ ಹೋತು? ಇದೇನಿದು, ಸಾರಿನ ಸೌಟು ಅಡ್ಡ ಇಟ್ಟಂಗೆ ಐತೆ! ಇವರ ಹತ್ರ ನೋಡು, ಬೀಗ ಹೆಂಗೆ ಭದ್ರವಾಗೈತೆ.”

ಹಳೆಯದರಲ್ಲಿ ಬೀಗ ಉಳಿದದ್ದಕ್ಕೆ ಕಾರಣ, ಆ ಕಂಪ್ಯೂಟರಿಗೆ ಹೊಸ ಬ್ರೌಸರ್ ಹೊಂದುವುದೇ ಇಲ್ಲ. ಭದ್ರತೆಯ ತೇಪೆಗಳು ಬರುವುದು ನಿಂತು ಯಾವ ಕಾಲವಾಯಿತೋ. ಅಂದರೆ ಬೀಗದ ಚಿತ್ರ ಇರುವ ಮನೆಗೆ ಹಿಂದಿನ ಗೋಡೆಯೇ ಇಲ್ಲ! ಇದನ್ನು ಅತ್ತೆಗೆ ಹೇಗೆ ಹೇಳುವುದು?

“ಬೀಗ ಇದ್ದ ಮಾತ್ರಕ್ಕೆ ಸೈಟು ಒಳ್ಳೇದು ಅಂತ ಅಲ್ಲ ಅತ್ತೆ. ದಾರಿಯಲ್ಲಿ ಯಾರೂ ಕದ್ದು ನೋಡಲ್ಲ ಅಂತ ಅಷ್ಟೆ. ಕಳ್ಳನ ಮನೆಗೂ ಬೀಗ ಇರುತ್ತೆ.”

“ಕಳ್ಳನ ಮನೆಗೆ ಬೀಗ ಯಾತಕ್ಕೋ?”

“ಅವನಿಗೂ ಕಳ್ಳರ ಭಯ ಇರಲ್ವಾ?”

ಅತ್ತೆ ಯೋಚಿಸಿದರು. “ಇರ್ತೈತೆ. ಪಾಪ,” ಎಂದರು. ಆದರೆ ಹಳೆಯದನ್ನು ಬಿಡಲಿಲ್ಲ. ಅದರ ಪರದೆಯ ಮೇಲೆ ದಿನಾ ಬೆಳಿಗ್ಗೆ, ಈ ಆಪರೇಟಿಂಗ್ ಸಿಸ್ಟಮ್ ಹಳತಾಗಿದೆ, ಇನ್ನು ಮುಂದೆ ಬೆಂಬಲ ಇಲ್ಲ ಎಂಬ ಪಟ್ಟಿಯೊಂದು ಬರುತ್ತಿತ್ತು. ಅತ್ತೆ ಅದಕ್ಕೆ ನಿವೃತ್ತಿ ನೋಟೀಸ್ ಎಂದು ಹೆಸರಿಟ್ಟಿದ್ದರು. “ನನಗೂ ಅರವತ್ತಕ್ಕೆ ಇಂಥದೇ ಕೊಟ್ರು. ನಾನೇನು ನಿಂತ್ನಾ?” ಎಂದು ಅದರ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚುತ್ತಿದ್ದರು. ಏನೇ ನೋಟೀಸ್ ಬಂದರೂ ಓದದೆ ಮುಚ್ಚುವ ಈ ಅಭ್ಯಾಸವೇ ಮುಂದೆ ಮುಳುವಾಯಿತು.

ನಾನು ಅವರನ್ನು ನೋಡಿ ನಕ್ಕಿದ್ದು ಹೆಚ್ಚು ದಿನ ನಡೆಯಲಿಲ್ಲ. ಒಂದು ದಿನ ಪರಿಚಯದವರೊಬ್ಬರ ನಂಬರಿನಿಂದ ನನ್ನ ಮೊಬೈಲಿಗೆ ಲಗ್ನಪತ್ರಿಕೆ ಬಂತು. ಮುಟ್ಟಿದೆ. ಪತ್ರಿಕೆ ತೆರೆಯಲಿಲ್ಲ, ಏನೋ ಇನ್‌ಸ್ಟಾಲ್ ಆಯಿತು. ಅರ್ಧ ಗಂಟೆಯಲ್ಲಿ ಅದೇ ಪತ್ರಿಕೆ ನನ್ನ ಹೆಸರಿನಲ್ಲಿ ಹೊಳಲ್ಕೆರೆಯಿಂದ ಹಿರಿಯೂರಿನವರೆಗಿನ ಸಮಸ್ತ ನೆಂಟರಿಗೂ ಹೋಗಿತ್ತು! ಹಿರಿಯೂರಿನ ದೊಡ್ಡಪ್ಪ ಮುಹೂರ್ತ ಎಷ್ಟಕ್ಕೆ ಎಂದು ಕೇಳಿದರು. ಹೊಳಲ್ಕೆರೆಯ ಬೀಗರು ಮನೆಗೆ ಬಂದು ಕರೆಯಲಿಲ್ಲವೆಂದು ಮುನಿಸಿಕೊಂಡರು. ಆಮೇಲೆ ಅತ್ತೆಯ ಫೋನ್.

“ಯಾರ ಮದ್ವೆ ಲೇ? ನಿಂದೇನಾ? ನಿನ್ನ ಹೆಂಡ್ತಿಗೆ ಗೊತ್ತೈತಾ?”

“ಅಯ್ಯೋ ಅತ್ತೆ, ಅದನ್ನ ತೆಗೀಬೇಡ್ರಿ!”

“ತೆಗೆಯೋಳು ನಾನಲ್ಲ. ಲಗ್ನಪತ್ರಿಕೆ ಅಂದ್ಮ್ಯಾಲೆ ಅರಿಶಿನ ಹಚ್ಚಿ, ಬಾಗ್ಲಿಗೆ ಬಂದು, ಕೈಗೆ ಕೊಡ್ಬೇಕು. ಹಂಗೆ ಬರದಿದ್ದದ್ದು ಪತ್ರಿಕೆ ಹೆಂಗಾಗ್ತೈತೆ?” ನಮ್ಮ ಬಳಗದಲ್ಲಿ ಅದನ್ನು ಮುಟ್ಟದೆ ಉಳಿದವರು ಅವರೊಬ್ಬರೇ. ಅವತ್ತಿನಿಂದ ನಾನು ಬುದ್ಧಿ ಹೇಳುವುದನ್ನು ಕಡಿಮೆ ಮಾಡಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚಿದ ಮೇಲೆ, ಮೊದಲ ಗಿರಾಕಿ ಬರುವ ಮುಂಚೆ, ಅತ್ತೆ ಹಳೆಯ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯುತ್ತಿದ್ದರು. ಅದು ಮಾವನ ಇ-ಮೇಲ್. ಹೆಸರಿನ ಜಾಗದಲ್ಲಿ ಮಾವನ ಹೆಸರು ತಾನಾಗಿ ಬಂದು ಕೂರುತ್ತಿತ್ತು, ಕೆಳಗೆ ಪಾಸ್‌ವರ್ಡಿನ ಜಾಗದಲ್ಲಿ ಒಂದು ಸಾಲು ಕರಿ ಚುಕ್ಕೆಗಳು. ಮಾವನೇ ಯಾವಾಗಲೋ ಬ್ರೌಸರಿಗೆ ನೆನಪಿಟ್ಟುಕೋ ಎಂದು ಹೇಳಿದ್ದು. ಅತ್ತೆ ಎಂಟರ್ ಒತ್ತಿ ಒಳಗೆ ಹೋಗಿ, ಹತ್ತು ನಿಮಿಷ ಓದಿ, ಎಚ್ಚರದಿಂದ ಲಾಗ್ ಔಟ್ ಮಾಡಿ ಬರುತ್ತಿದ್ದರು. ಏನಿದೆ ಅದರಲ್ಲಿ ಎಂದು ಒಮ್ಮೆ ಕೇಳಿದೆ.

“ನಿಮ್ಮಜ್ಜಿ ಪದ ಅವೆ,” ಅಂದರು.

ಬಾಗೂರಿನ ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳು. ಅಂಗಡಿಯಲ್ಲಿ ಜನವಿಲ್ಲದ ಮಧ್ಯಾಹ್ನಗಳಲ್ಲಿ ಅತ್ತೆ ನೆನಪಿಸಿಕೊಂಡು ಹಾಡುವುದು, ಮಾವ ಒಂದೇ ಬೆರಳಲ್ಲಿ ಟೈಪ್ ಮಾಡುವುದು. ನೋಟ್‌ಬುಕ್ಕಿಗಾದರೆ ಗೆದ್ದಲು ಹತ್ತುತ್ತದೆ, ಮೇಲ್‌ನಲ್ಲಿಟ್ಟರೆ ಹತ್ತುವುದಿಲ್ಲ ಎಂಬುದು ಮಾವನ ಸಿದ್ಧಾಂತ. ಅವರ ಟೈಪಿಂಗಿನಲ್ಲಿ ಸಾಲಿಗೆರಡು ತಪ್ಪು. ನೆಂಟರ ಲಗ್ನಪತ್ರಿಕೆಗಳನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಮದುವೆಮನೆಗೆ ಒಯ್ಯುವ ನಮ್ಮ ಅತ್ತೆ, ಆ ತಪ್ಪುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

“ಪದ ನಿಮಗೆ ಬಾಯಿಗೆ ಬರ್ತವಲ್ಲ ಅತ್ತೆ, ಓದೋದು ಯಾಕೆ?”

“ಅರ್ಧ ಮರ್ತೋಗ್ಯಾವೆ ಕಣೋ. ಅವರು ಬರಕಂಡಾರಲ್ಲ ಅಂತ ನಾನು ಮರ್ತೆ.”

ಹೋದ ವರ್ಷ ಶ್ರಾವಣದಲ್ಲಿ ಆ ಪುಟ ತೆರೆಯುವುದು ನಿಂತಿತು. ಹಳೆಯ ಬ್ರೌಸರುಗಳಲ್ಲಿ ಇನ್ನು ಮೇಲೆ ಮೇಲ್ ಬರುವುದಿಲ್ಲ ಎಂದು ಮೇಲ್ ಕಂಪನಿಯವರು ಒಂದು ತಿಂಗಳಿನಿಂದ ನೋಟೀಸ್ ಕೊಡುತ್ತಿದ್ದರು. ಅತ್ತೆ ಒಂದು ತಿಂಗಳಿನಿಂದ ಅದನ್ನು ಮುಚ್ಚುತ್ತಿದ್ದರು! ನಾನು ಹೋದಾಗ ಅಂಗಡಿ ತೆರೆದಿತ್ತು, ಆದರೆ ಅತ್ತೆ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ. ಯಾವ ವಿಳಾಸವನ್ನೂ ಓದುತ್ತಿರಲಿಲ್ಲ, ಕೇಳಿದ್ದನ್ನು ಮಾಡಿಕೊಟ್ಟು ಸುಮ್ಮನೆ ಕೂರುತ್ತಿದ್ದರು. ನನಗೆ ನಿಜಕ್ಕೂ ಭಯವಾಯಿತು.

ಹೊಸ ಕಂಪ್ಯೂಟರಿನಲ್ಲಿ ಮೇಲ್ ತೆರೆಯುತ್ತದೆ, ಆದರೆ ಪಾಸ್‌ವರ್ಡ್ ಬೇಕು. ಮರೆತಿದ್ದೇನೆ ಎಂದು ಒತ್ತಿದರೆ ಓಟಿಪಿ ಹೋಗುವುದು ಮಾವನ ನಂಬರಿಗೆ. ಆ ನಂಬರಿಗೆ ಫೋನ್ ಮಾಡಿದೆ. ಹಿರಿಯೂರಿನ ಯಾರೋ ಎತ್ತಿ, “ಹೊಸ ಸಿಮ್ ಸ್ವಾಮಿ, ನೀವ್ಯಾರು?” ಎಂದರು. ಇನ್ನು ಉಳಿದಿದ್ದು ಒಂದೇ ದಾರಿ. ಹಳೆಯ ಬ್ರೌಸರಿನ ಹೊಟ್ಟೆಯಲ್ಲಿ ಆ ಚುಕ್ಕೆಗಳು ಇನ್ನೂ ಇದ್ದವು.

“ಅತ್ತೆ, ಇಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಈ ಕಣ್ಣಿನ ಗುರುತು ಒತ್ತಿದರೆ ಚುಕ್ಕೆ ಹೋಗಿ ಅಕ್ಷರ ಕಾಣಿಸ್ತವೆ.”

“ನನಗೆ ಗೊತ್ತಿಲ್ಲೇನೋ ಅದು? ಎರಡು ವರ್ಷದಿಂದ ಗೊತ್ತೈತೆ.”

“ಮತ್ತೆ ಯಾಕೆ ನೋಡಲಿಲ್ಲ?”

ಅತ್ತೆ ಮೇಜಿನ ಮೇಲಿನ ಇಲ್ಲದ ಧೂಳನ್ನು ಒರೆಸಿದರು. “ಒಂದ್ಸಲ ಕೇಳಿದ್ದೆ. ‘ಪಾಸ್‌ವರ್ಡ್ ಹೆಂಡ್ತಿಗೂ ಹೇಳಬಾರದು’ ಅಂತ ನಕ್ಕರು. ನಾನು ಎರಡು ದಿನ ಮಾತು ಬಿಟ್ಟೆ. ಆಮ್ಯಾಲೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೇಳದೇ ಹೋದದ್ದನ್ನ ಈಗ ನಾನು ಕದ್ದು ನೋಡ್ಲಾ? ಊರವರಿಗೆಲ್ಲ ಕಂಬಳಿ ಹೊದಿಸಿದೋಳು?”

ನಾನು ಮೌಸಿನಿಂದ ಕೈ ತೆಗೆದೆ. ಅತ್ತೆ ದನಿ ತಗ್ಗಿಸಿ, “ಅಲ್ಲ ಕಣೋ, ಅದರಾಗೆ ಬೇರೆ ಯಾರ್ದಾದ್ರೂ ಹೆಸರಿದ್ರೆ?” ಎಂದರು.

ನನಗೆ ನಗು ಉಕ್ಕಿ ಬಂತು. ಅವರ ಮುಖ ನೋಡಿದೆ, ನಗು ನಿಂತಿತು. ಇಷ್ಟು ವರ್ಷ ಲೋಕದ ಎಲ್ಲ ಕಿಟಕಿ ಬಾಗಿಲುಗಳನ್ನು ಅನುಮಾನಿಸಿದ ಈ ಹೆಂಗಸು ನಿಜಕ್ಕೂ ಹೆದರಿದ್ದು ಆ ಒಂದು ಸಾಲು ಚುಕ್ಕೆಗಳಿಗೆ ಮಾತ್ರ.

“ಹಂಗಾದ್ರೆ ಬಿಡ್ರಿ ಅತ್ತೆ. ನೋಡೋದು ಬೇಡ,” ಎಂದೆ.

“ಬಿಡಕೆ ಅದು ಅವರೊಬ್ಬರದ್ದಾ? ನಮ್ಮವ್ವನ ಪದ ಅಲ್ಲವೇನೋ!” ಎಂದು ಅತ್ತೆ ಧಡಕ್ಕನೆ ಎದ್ದರು. ಗೂಟದಿಂದ ಕಂಬಳಿ ಎಳೆದುಕೊಂಡು ಹಳೆಯ ಕಂಪ್ಯೂಟರಿನ ಮುಂದೆ ಕೂತು, “ನೀನು ಆ ಕಡೆ ತಿರುಗು,” ಎಂದರು. ಪರದೆಯನ್ನೂ ತಲೆಯನ್ನೂ ಸೇರಿಸಿ ಹೊದ್ದುಕೊಂಡರು.

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಒಳಗೆ ಮೌಸ್ ಕ್ಲಿಕ್ ಎಂದಿತು. ಕಂಪ್ಯೂಟರ್ ಮೊದಲು ತನ್ನದೇ ಪಾಸ್‌ವರ್ಡ್ ಕೇಳಿರಬೇಕು, ಕೀಲಿಗಳು ನಾಲ್ಕೈದು ಸಲ ಟಕಟಕ ಎಂದವು. ಇನ್ನೊಂದು ಕ್ಲಿಕ್. ಆಮೇಲೆ ಏನೂ ಇಲ್ಲ. ತಡೆಯಲಾರದೆ ಹಿಂತಿರುಗಿ ನೋಡಿದರೆ ಕಂಬಳಿ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಒಳಗಿನಿಂದ ದನಿ ಬಂತು.

“ಥೂ, ನಿಮ್ಮ ಬುದ್ಧಿಗಿಷ್ಟು! ಇದನ್ನ ಹೇಳಕೆ ಏನಾಗಿತ್ರಿ ನಿಮಗೆ?”

ನನ್ನ ಜೊತೆ ಆಡಿದ ಮಾತಲ್ಲ ಅದು. ಎರಡು ವರ್ಷದಲ್ಲಿ ಅತ್ತೆ ಮಾವನ ಜೊತೆ ಆಡಿದ ಮೊದಲ ಮಾತು ಅದೇ ಇರಬೇಕು. ಅವರು ಹೊರಗೆ ಬಂದಾಗ ಕೂದಲಿಗೆಲ್ಲ ಉಣ್ಣೆ ಅಂಟಿತ್ತು, ಮೂಗು ಕೆಂಪಾಗಿತ್ತು.

“ಏನತ್ತೆ ಅದು?”

“ಪಾಸ್‌ವರ್ಡ್ ಯಾರಿಗೂ ಹೇಳಬಾರದು ಕಣೋ. ಕಾಲೇಜ್‌ನಾಗೆ ಪಾಠ ಹೇಳ್ತೀಯ, ಅಷ್ಟೂ ಗೊತ್ತಿಲ್ವೇನು?”

ಕಂಬಳಿ ಹೊಸ ಕಂಪ್ಯೂಟರಿಗೆ ಬಂತು. ಅತ್ತೆ ಒಳಗೆ ಹೊಕ್ಕು ಟೈಪ್ ಮಾಡಿ, ಅಂಚೆತ್ತಿ ನನ್ನನ್ನು ಕರೆದರು. ಮೇಲ್ ತೆರೆದಿತ್ತು. ಅಜ್ಜಿಯ ಪದಗಳು, ಮಾವನ ತಪ್ಪುಗಳು, ಎಲ್ಲ ಇದ್ದ ಹಾಗೇ ಇದ್ದವು. ಅಷ್ಟರಲ್ಲಿ ಹೊಸ ಬ್ರೌಸರ್ ಮೂಲೆಯಿಂದ ಇಣುಕಿ, ಈ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ ಎಂದು ಕೇಳಿತು. ಇದೊಂದಕ್ಕಾದರೂ ಹೂಂ ಎನ್ನುತ್ತಾರೆ ಅಂದುಕೊಂಡೆ. ಅತ್ತೆ “ಬೇಡ” ಒತ್ತಿದರು.

“ಅತ್ತೆ! ಮತ್ತೆ ಮರೆತರೆ?”

“ಪದ ಮರ್ತಿರಬೋದು. ಇದನ್ನ ಮರೆಯಲ್ಲ, ಬಿಡು.”

ಹಳೆಯ ಕಂಪ್ಯೂಟರ್ ಈಗ ಮಾವನ ಒಗೆದ ಪಂಚೆ ಹೊದ್ದು ಮೂಲೆಯಲ್ಲಿದೆ. ಅಂಗಡಿಯಲ್ಲಿ ವಿಳಾಸ ಓದುವುದು, ವಾಪಸ್ ಕಳಿಸುವುದು ಮೊದಲಿನಂತೆಯೇ ಶುರುವಾಗಿದೆ. ಮೊನ್ನೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿದ್ದೆ. ಊದಿನಕಡ್ಡಿ ಉರಿಯುತ್ತಿತ್ತು. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅತ್ತೆ ಕಂಬಳಿಯೊಳಗಿದ್ದರು! ಕೀಲಿ ಟಕಟಕ ಎಂದಿತು. ಆಮೇಲೆ ಅಜ್ಜಿಯ ಪದವೊಂದು ಸಣ್ಣ ದನಿಯಲ್ಲಿ ಕೇಳಿಸಿತು. ಎಲ್ಲೋ ಮಧ್ಯದಲ್ಲಿ ನಿಂತು, ನಕ್ಕು, ಮತ್ತೆ ಮುಂದುವರಿಯಿತು. ಮಾವನ ಟೈಪಿಂಗಿನ ತಪ್ಪು ಬಂದಿರಬೇಕು.

ಬಾಗಿಲಲ್ಲಿ ಹಿರಿಯರೊಬ್ಬರು ಪಹಣಿಯ ಚೀಟಿ ಹಿಡಿದು ನಿಂತರು. “ಟೀಚರಮ್ಮ ಅದಾರಾ?” ಎಂದು ಕೇಳಿದರು.

“ಅದಾರೆ, ಕುಂತ್ಕಳ್ರಿ. ನಮ್ಮ ಮಾವನ ಜೊತೆ ಮಾತಾಡ್ತಿದಾರೆ,” ಎಂದೆ.

ಅವರು ಕಂಬಳಿಯ ಕಡೆ ಒಮ್ಮೆ ನೋಡಿದರು. ಬೆಂಚಿನ ಮೇಲೆ ಕೂತು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.